ಮುಳಿಹುಲ್ಲಿನ ಏಳು ತೊಳೆತ

ಪೊಸಡಿ ಗುಂಪೆಯ ಮುಳಿ ಬಂದಿದೆ, ಹದಿನಾಲ್ಕು ಸೂಡಿ.
ಜೀಪಿನಿಂದ ಇಳಿಸುತ್ತಾ ಕೊರಪ್ಪೊಳು ಹೇಳಿದಳು:
"ಬರಿಗೈಯಲ್ಲಿ ಮುಟ್ಟಬೇಡಿ ಟೀಚರೇ, ಇದಕ್ಕೆ ಹಲ್ಲುಂಟು."
ನಾನು ಟೀಚರಲ್ಲ. ತೂಗುವವಳು, ತೊಳೆಯುವವಳು,
ಸಂಜೆ ಸ್ವಿಚ್ಚು ಆರಿಸಿ ಹೋಗುವವಳು.
ಆದರೂ ತಿದ್ದಲಿಲ್ಲ.

ಹಲ್ಲು ಇರುವುದು ನಿಜ.
ಮುರಕಲ್ಲಿನ ಪಾರೆಯಿಂದ ಮರಳನ್ನೇ ಹೀರಿ ಹೀರಿ
ಅಂಚಿಗೊಂದು ಗರಗಸ ಮಾಡಿಕೊಂಡ ಹುಲ್ಲು.
ಎಳತಾಗಿದ್ದಾಗ ಮಾತ್ರ ದನ ಬಾಯಿ ಹಾಕುತ್ತದೆ,
ಆಮೇಲೆ ಅದರ ದಾರಿ ಅದಕ್ಕೆ.

ಪುಡಿ ಮಾಡಿ, ಜರಡಿ ಹಿಡಿದು,
ನೂರು ಗ್ರಾಂ ಜಾಡಿಗೆ ಸುರಿದೆ.
ಶೇಕಡಾ ಎರಡರ ಕಾಸ್ಟಿಕ್ ಸೋಡ, ಒಂದು ಲೀಟರು.
ರಮ್ಲತ್ ಮೇಡಂ ಮಲಯಾಳದಲ್ಲಿ ಬರೆದ ಚೀಟಿ;
ಅದರಡಿ ನಾನು ಕನ್ನಡದಲ್ಲಿ ಬರೆದೆ.
ಜಾಡಿಗೆ ಎರಡೂ ಓದಲು ಬರುವುದಿಲ್ಲ.
ಕುಕ್ಕರಿನ ದೊಡ್ಡಣ್ಣನಂಥ ಪಾತ್ರೆ,
ನೂರಿಪ್ಪತ್ತೊಂದು ಡಿಗ್ರಿ, ಒಂದು ಗಂಟೆ.

ಜೀಪು ಹೊರಡುವುದು ನಾಲ್ಕಕ್ಕೆ. ಅವಳು ಬಾಗಿಲಲ್ಲೇ ನಿಂತಳು.
"ಎಂತ ಬೇಯಿಸುವುದು?"
ಹುಲ್ಲಿನೊಳಗೆ ಸಕ್ಕರೆ ಉಂಟು ಅಂದೆ.
"ಹಾಗಾದರೆ ನಮ್ಮ ಮಾಡು ಸಿಹಿಯಾಗಿತ್ತಾ!
ಇಷ್ಟು ವರ್ಷ ಇರುವೆಗೂ ಗೊತ್ತಾಗಲಿಲ್ಲ."
ಇರುವೆಗೆ ಗೊತ್ತಾಗದ್ದೇ ವಿಷಯ.
ಸಕ್ಕರೆಯನ್ನು ಸರಪಣಿ ಮಾಡಿ, ಸರಪಣಿಯನ್ನು ಕಟ್ಟು ಮಾಡಿ,
ಕಟ್ಟಿನ ಮೇಲೆ ಕಂದು ಅಂಟು ಮೆತ್ತಿ ಕೂತಿದೆ ಹುಲ್ಲು.
ಲಿಗ್ನಿನ್ ಎಂದು ಅದರ ಹೆಸರು.
ಕಡಲಗಾಳಿಗೆ ಮುಳಿ ನೆಟ್ಟಗೆ ನಿಲ್ಲುವುದು ಅದರಿಂದ,
ಮಳೆಗಾಲ ಪೂರ್ತಿ ಮಾಡು ಸೋರದ್ದು ಅದರಿಂದ.
ಈಗ ನಮಗೆ ಅಡ್ಡ ಬಂದಿರುವುದೂ ಅದೇ.

"ಓ," ಅಂದಳು, "ಬೂದಿನೀರು."
ಅವಳ ಅಮ್ಮ ತೆಂಗಿನ ಮಡಲು ಸುಟ್ಟ ಬೂದಿ ನೆನೆಸಿ,
ತಿಳಿ ಬಸಿದು, ಹಂಡೆಯಲ್ಲಿ ಬಟ್ಟೆ ಕುದಿಸುತ್ತಿದ್ದಳಂತೆ.
ಬೇರೆಯವರ ಬಟ್ಟೆ.
ಕೊಳೆ ಬಿಡುತ್ತಿತ್ತು, ಬೆರಳ ಚರ್ಮವೂ.
ಆರು ತಿಂಗಳು ನಾನು ಕಲಿತ ಪಾಠವನ್ನು
ಹೊಸ್ತಿಲು ದಾಟದೆ ಮುಗಿಸಿದಳು.

ಮುಚ್ಚಳ ತೆಗೆದರೆ ಕಪ್ಪು.
ಕಷಾಯದ ಕಪ್ಪಲ್ಲ,
ಒಲೆಯ ಮೇಲಿನ ಅಟ್ಟದ ಮಸಿ ಕರಗಿಸಿದ ಹಾಗೆ.
ವಾಸನೆ: ಹಿನ್ನೀರಿನಲ್ಲಿ ಕೊಳೆಯಲಿಟ್ಟ ಚಿಪ್ಪಿನ ನಾರು, ಒದ್ದೆ ಚಾಪೆ,
ಮತ್ತೊಂದು, ನನಗೆ ಹೆಸರು ಸಿಗದ್ದು.
ಕೊರಪ್ಪೊಳು ಮೂಗರಳಿಸಿದಳು:
"ಹಳೆ ಮುಳಿ ಕಿತ್ತು ಹೊಸತು ಹೊದಿಸುವ ದಿನದ್ದು."

ಸೋಸಿ ತೊಳೆದೆ. ಮೊದಲನೆಯದು ಕಪ್ಪು,
ಮೂರನೆಯದು ಜೇನು, ಐದನೆಯದು ಅಕ್ಕಿ ತೊಳೆದ ನೀರು,
ಏಳನೆಯದರಲ್ಲಿ ಲಿಟ್ಮಸ್ ಕಾಗದ ಸುಮ್ಮನಾಯಿತು.
ಬಟ್ಟೆಯಲ್ಲಿ ಉಳಿದದ್ದು ಮೆತ್ತಗೆ, ಬೆಳ್ಳಗೆ,
ನಿಲ್ಲಲು ಮರೆತದ್ದು.
ಇನ್ನು ಕಿಣ್ವ ಬಂದು ಸರಪಣಿ ಕಡಿಯಬಹುದು,
ಯೀಸ್ಟ್ ಬಂದು ಉಣ್ಣಬಹುದು.

ನೂರು ಗ್ರಾಮಿನಲ್ಲಿ ಉಳಿದದ್ದು ಐವತ್ತೆಂಟು.
ಮಿಕ್ಕ ನಲವತ್ತೆರಡು ಆ ಕಪ್ಪು ನೀರಿನಲ್ಲಿ.
ಅದನ್ನು ಎಲ್ಲಿ ಚೆಲ್ಲುವುದೆಂದು
ಚೀಟಿಯಲ್ಲಿ ಎರಡು ಭಾಷೆಯಲ್ಲೂ ಬರೆದಿಲ್ಲ.
ಗುಡ್ಡದ ಕೆಳಗೆ ಸುರಂಗದ ನೀರು ಕುಡಿಯುವ ಮನೆಗಳಿವೆ.
ಕ್ಯಾನಿಗೆ ತುಂಬಿ ಗೋಡೆಗೆ ಸಾಲಾಗಿ ಇಟ್ಟಿದ್ದೇವೆ,
ಮೂವತ್ತೊಂದು. ಇವತ್ತಿನದು ಸೇರಿ ಮೂವತ್ತೆರಡು.

ಮುಂದಿನ ವಾರ ಹಣಕ್ಕೆ ಬಂದಾಗ ಅವಳಿಗೆ ತೋರಿಸಿದೆ:
ಸಣ್ಣ ಸೀಸೆಯಲ್ಲಿ ಹದಿನಾರು ಮಿಲ್ಲಿಲೀಟರು.
ಪಿಂಗಾಣಿಗೆ ಎರಡು ಹನಿ ಬಿಟ್ಟು ಕಡ್ಡಿ ಗೀರಿದೆ.
ಮಧ್ಯಾಹ್ನದ ಬೆಳಕಲ್ಲಿ ಏನೂ ಕಾಣಲಿಲ್ಲ.
ಮೋಸ ಹೋದೆವೇನೋ ಎಂಬಂತೆ ಮೇಡಂ ಕನ್ನಡಕ ಸರಿಸಿದರು.
ಕೊರಪ್ಪೊಳು ಅಂಗೈ ಮೇಲೆ ಹಿಡಿದಳು,
ಕೊಯ್ದ ಗೀರುಗಳು ಇನ್ನೂ ಕೆಂಪಾಗಿದ್ದ ಅಂಗೈ.
"ಉಂಟು," ಅಂದಳು.

ಹಣ ಎಣಿಸಿ ಸೆರಗಿಗೆ ಕಟ್ಟಿ, ಕ್ಯಾನುಗಳನ್ನೂ ಎಣಿಸಿದಳು, ಬಾಯಲ್ಲಿ.
ಏನೂ ಕೇಳಲಿಲ್ಲ.
ಮೂಲೆಯಲ್ಲಿ ಮಿಕ್ಕಿದ್ದ ಒಂದು ಸೂಡಿ ತಲೆಗೇರಿಸಿ
ಹೊರಟಳು: "ಇದು ಬೇಯಿಸಬೇಡಿ.
ಕೋಳಿಗೂಡಿನ ಮಾಡು ಸೋರುತ್ತದೆ."